ಭಾವನಿಗೊಂದು ಬೇರೆ ಬಣ್ಣ

ಕೆಲವರಿಗೆ ಸಿಟ್ಟು ಬರುತ್ತದೆ, ಕೆಲವರಿಗೆ ನಿದ್ದೆ ಬರುತ್ತದೆ, ನನಗೆ ಮರೆವು ಬರುತ್ತದೆ. ಬಂದು ಹೋಗುವ ಜಾತಿಯದಲ್ಲ, ಬಂದು ಕೂರುವಂಥದ್ದು. ವರ್ಷಕ್ಕೊಮ್ಮೆಯಾದರೂ ಮಾನ ಹೋಗುವಂಥದ್ದು ಏನಾದರೂ ಆಗದಿದ್ದರೆ ಈಗ ನಮ್ಮ ಮನೆಯವರಿಗೇ ಏನೋ ಬಾಕಿ ಉಳಿದ ಹಾಗೆ ಅನಿಸುತ್ತದೆ.

ಕೋಟದ ಹೆದ್ದಾರಿ ಬದಿಯಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿ. ಮದುವೆ, ಗೃಹಪ್ರವೇಶ, ಭಜನೆ, ಯಾವುದಿದ್ದರೂ ಮೈಕು, ಟ್ಯೂಬ್‌ಲೈಟು, ಶಾಮಿಯಾನ ಹೊತ್ತುಕೊಂಡು ಬೈಂದೂರಿನಿಂದ ಬ್ರಹ್ಮಾವರದವರೆಗೆ ಓಡುವುದು. ಈ ಕೆಲಸಕ್ಕೆ ಭುಜವೂ ಗಟ್ಟಿ ಇರಬೇಕು, ನೆನಪೂ ಗಟ್ಟಿ ಇರಬೇಕು. ಭುಜದ ವಿಷಯದಲ್ಲಿ ದೇವರು ನನಗೆ ಏನೂ ಮೋಸ ಮಾಡಲಿಲ್ಲ.

೧೯೯೭ರಲ್ಲಿ ಯಡ್ತರೆಯಿಂದ ನನಗೆ ಹೆಣ್ಣು ತಂದರು. ಆ ಮನೆಗೆ ಯಜಮಾನರೆಂದರೆ ಹೆಂಡತಿಯ ಅಣ್ಣ, ತೆಂಗಿನಕಾಯಿ ವ್ಯಾಪಾರ ಮಾಡುವವರು, ಮಾತು ಕಡಿಮೆ. ನಮ್ಮ ಕಡೆ ಹೆಂಡತಿಯ ಅಣ್ಣನೂ ಭಾವ, ತಂಗಿಯ ಗಂಡನೂ ಭಾವ. ಹಾಗಾಗಿ ಅವರು ನನಗೆ ಭಾವ, ನಾನೂ ಅವರಿಗೆ ಭಾವ. ಹೆಣ್ಣು ಕೊಡುವ ಮೊದಲು ಅವರು ಕೋಟಕ್ಕೆ ಬಂದು ಪೇಟೆಯಲ್ಲಿ ನನ್ನ ಬಗ್ಗೆ ವಿಚಾರಿಸಿದರಂತೆ. "ಜನ ಒಳ್ಳೆದ್, ತಲೆ ಮಾತ್ರ ಸೋರ್ತ್" ಅಂದರಂತೆ ಪೇಟೆಯವರೆಲ್ಲ. "ಸೋರುದಾರೆ ಅಡಿಗೊಂದ್ ಪಾತ್ರಿ ಇಡುವ, ಜನ ಒಳ್ಳೆದಿದ್ರೆ ಸಾಕ್" ಅಂತ ಹೇಳಿ ಭಾವ ತಂಗಿಯನ್ನು ಕೊಟ್ಟೇಬಿಟ್ಟರು. ಅಷ್ಟು ಗೊತ್ತಿದ್ದೂ ನಂಬಿದ ಮನುಷ್ಯನೆದುರು, ಮರೆಯದೆ ಮಾಡಿದ ಒಂದಾದರೂ ಕೆಲಸ ತೋರಿಸಬೇಕು ಅನ್ನುವುದು ನನ್ನ ಹಟ. ಬೇರೆಯವರ ಎದುರು ಮಾನ ಹೋದರೆ ಹೋಗಲಿ, ಭಾವನ ಎದುರು ಉಳಿಯಬೇಕು. ಉಳಿಯಿತೋ ಇಲ್ಲವೋ, ನೀವೇ ಹೇಳಿ.

ಬೈರಾಸಿನ ಗಂಟು

ಆಗ ನನ್ನ ವ್ಯವಸ್ಥೆ ಬಹಳ ಸರಳ. ಹೆಗಲ ಮೇಲೆ ಒಂದು ಬೈರಾಸು, ಅಂದರೆ ಟವೆಲು, ಒಂದು ಕೆಲಸಕ್ಕೆ ಅದರಲ್ಲಿ ಒಂದು ಗಂಟು. ಕೆಲಸ ಮುಗಿದರೆ ಗಂಟು ಬಿಚ್ಚುವುದು. ಯಾವ ಗಂಟು ಯಾವ ಕೆಲಸದ್ದು ಅನ್ನುವುದು ಮಾತ್ರ ತಲೆಯಲ್ಲೇ ಇರಬೇಕಾಗಿತ್ತು, ತೊಂದರೆ ಇದ್ದದ್ದು ಅಲ್ಲೇ.

ಮದುವೆಯಾದ ಮೊದಲ ವರ್ಷ ಆಷಾಢಕ್ಕೆ ಹೆಂಡತಿ ತವರಿಗೆ ಹೋದಳು. ತಿಂಗಳು ಕಳೆದ ಮೇಲೆ ಗಂಡನೇ ಹೋಗಿ ಕರೆದುಕೊಂಡು ಬರಬೇಕು, ಅದು ಪದ್ಧತಿ. ನಾನೂ ಬೈರಾಸಿಗೆ ಇಷ್ಟು ದೊಡ್ಡದೊಂದು ಗಂಟು ಹಾಕಿಕೊಂಡು ಹೊರಟೆ. ಕುಂದಾಪುರದಲ್ಲಿ ಬಸ್ಸು ಬದಲಿಸುವಾಗ ಗಂಟು ಮುಟ್ಟಿ ನೋಡಿದೆ, ಇತ್ತು. ಯಡ್ತರೆಯಲ್ಲಿ ಇಳಿದು ಗದ್ದೆ ಅಂಚಿನಲ್ಲಿ ನಡೆಯುವಾಗಲೂ ಇತ್ತು.

ಹೊಸ ಅಳಿಯ ಬಂದನೆಂದು ಮನೆಯಲ್ಲಿ ಭಾರೀ ಗಡಿಬಿಡಿ. ಕಾಲು ತೊಳೆಯಲು ಬಿಸಿನೀರು, ಬೆಲ್ಲ ನೀರು, ಕಡುಬು, ಕೋಳಿ ಸಾರು. ಅತ್ತೆ ನನ್ನ ಬೆವರು ಹಿಡಿದ ಬೈರಾಸು ಕಂಡು, "ಇಲ್ ಕೊಡಿ, ಒಂದ್ ಸಲ ಹಿಂಡಿ ಹಾಕ್ತೆ" ಅಂತ ತೆಗೆದುಕೊಂಡು ಹೋಗಿ ಒಗೆದು ಹಾಕಿದರು. ಹೆಗಲಿಗೆ ಮನೆಯದೇ ಹೊಸ ಬೈರಾಸು ಕೊಟ್ಟರು. ಅದರಲ್ಲಿ ಗಂಟು ಎಲ್ಲಿಂದ ಬರಬೇಕು? ಹೊಟ್ಟೆ ತುಂಬ ಉಂಡೆ, ಎಲೆ ಅಡಿಕೆ ಹಾಕಿದೆ, ಭಾವನ ಹತ್ತಿರ ತೆಂಗಿನಕಾಯಿ ದರದ ಬಗ್ಗೆ ಮಾತಾಡಿದೆ. ಹೆಂಡತಿ ಪಕ್ಕದ ಮನೆಯವರಿಗೆ ಹೇಳಿ ಬರುತ್ತೇನೆಂದು ಹೋಗಿದ್ದಳು. "ಹಂಗಾರೆ ಬತ್ತೆ" ಅಂತ ಎದ್ದು ಬಸ್ಸು ಹತ್ತಿದೆ. ಭಾವ ಗೇಟಿನವರೆಗೂ ಬಂದರು. ತಂಗಿ ಮುಂದೆ ಹೋಗಿ ಬಸ್ ಸ್ಟಾಪಿನಲ್ಲಿ ನಿಂತಿದ್ದಾಳೆಂದು ಅವರ ಲೆಕ್ಕ.

ಕೋಟದಲ್ಲಿ ಮನೆಯ ಜಗುಲಿಯಲ್ಲಿ ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನನ್ನ ಹಿಂದೆ ನೋಡಿದಳು, ನನ್ನ ಮುಖ ನೋಡಿದಳು. "ಹೆಣ್ಣೆಲ್ಲಿ ಮಗಾ?" ಅಂದಳು. ಆಗ ಬಿದ್ದ ಬೆವರು ಒರೆಸಲು ಬೈರಾಸು ಮುಖಕ್ಕೆ ಹಿಡಿದಾಗಲೇ ಅದು ನನ್ನದಲ್ಲವೆಂದು ಗೊತ್ತಾದದ್ದು.

ಮರುದಿನ ಬೆಳಿಗ್ಗೆ ಭಾವನೇ ತಂಗಿಯನ್ನು ಕರೆದುಕೊಂಡು ಬಂದರು. ನನಗೆ ತಲೆ ಎತ್ತಲು ಆಗಲಿಲ್ಲ. ಅವರು ಬೈಯಲಿಲ್ಲ. ಮಡಚಿದ ನನ್ನ ಹಳೆಯ ಬೈರಾಸು ಕೈಗೆ ಕೊಟ್ಟು, "ಗಂಟ್ ಬಿಚ್ಚದ್ ನಮ್ಮ ಅಮ್ಮ. ತಪ್ಪ್ ನಮ್ದೇ" ಅಂದರು.

ಗೋಡೆಯ ಕ್ಯಾಲೆಂಡರು

ಬೈರಾಸನ್ನು ಬಿಟ್ಟು ಕ್ಯಾಲೆಂಡರಿಗೆ ಬಂದೆ. ಅಂಗಡಿಯ ಗೋಡೆಗೆ ದೊಡ್ಡದೊಂದು ಪಂಚಾಂಗದ ಕ್ಯಾಲೆಂಡರು ನೇತುಹಾಕಿ, ಯಾವ ದಿನ ಯಾರ ಮನೆ ಅಂತ ಬರೆಯತೊಡಗಿದೆ. ಒಂದೆರಡು ವರ್ಷ ಎಷ್ಟು ಚೆನ್ನಾಗಿ ನಡೆಯಿತೆಂದರೆ ನನಗೆ ಸ್ವಲ್ಪ ಅಹಂಕಾರವೇ ಬಂತು.

ಬೀಜಾಡಿಯಲ್ಲಿ ಭಾವನ ಸ್ನೇಹಿತರೊಬ್ಬರ ಮನೆ. ಅವರ ಮಗ ಮುಂಬೈಯಲ್ಲಿ. ಮುಂದಿನ ವರ್ಷ ಮೇ ತಿಂಗಳಲ್ಲಿ ಊರಿಗೆ ಬಂದಾಗ ಮದುವೆ, ಈಗಲೇ ಮೈಕ್, ಶಾಮಿಯಾನ ಗೊತ್ತು ಮಾಡಬೇಕೆಂದು ಭಾವನ ಮೂಲಕವೇ ಹೇಳಿಸಿದರು. ಭಾವ ಕಳಿಸಿದ ಕೆಲಸ, ಮರೆಯುವ ಹಾಗಿಲ್ಲ. ಮುಂದಿನ ವರ್ಷದ ಕ್ಯಾಲೆಂಡರು ಇನ್ನೂ ಅಚ್ಚಾಗಿರಲಿಲ್ಲವಲ್ಲ, ಸದ್ಯಕ್ಕೆ ಇರಲಿ ಎಂದು ಈ ವರ್ಷದ ಮೇ ತಿಂಗಳಿನಲ್ಲೇ ಆ ತಾರೀಕಿಗೆ ಕೆಂಪು ಶಾಯಿಯಲ್ಲಿ ಬರೆದಿಟ್ಟೆ. ಆಮೇಲೆ ಮುಂದಿನದಕ್ಕೆ ಬರೆದುಕೊಂಡರಾಯಿತು ಅನ್ನುವುದು ಯೋಚನೆ.

ಮೇ ತಿಂಗಳು ಬಂತು. ಹಾಳೆ ತಿರುವಿದೆ, ಕೆಂಪು ಶಾಯಿ ಕಂಡಿತು. ಅಂಗಡಿಯ ಹುಡುಗರನ್ನು ಕರೆದುಕೊಂಡು ಬೆಳಕು ಹರಿಯುವಾಗಲೇ ಬೀಜಾಡಿಗೆ ಹೋಗಿ, ಅಂಗಳಕ್ಕೆ ಶಾಮಿಯಾನ ಎಳೆದು, ತೆಂಗಿನ ಮರಕ್ಕೆ ಮೈಕಿನ ಕೊಂಬು ಕಟ್ಟಿ, ಓಲಗದ ಕ್ಯಾಸೆಟ್ ಹಾಕಿದೆ. ಮನೆಯ ಅಜ್ಜಿ ಕಣ್ಣುಜ್ಜಿಕೊಂಡು ಹೊರಗೆ ಬಂದು, "ಹ್ವಾಯ್, ಎಂತ ಮಾಡ್ತ್ರಿ? ಇಲ್ ಯಾರಿಗ್ ಮದಿ?" ಅಂತ ಕೇಳಿದರು. ಅಜ್ಜಿಗೆ ವಯಸ್ಸಾಯಿತು, ಮರೆತಿರಬೇಕು ಅಂತ ನಾನು ಮರುಕಪಟ್ಟೆ.

ಅಷ್ಟರಲ್ಲಿ ಓಲಗ ಕೇಳಿದ ಅಕ್ಕಪಕ್ಕದವರೆಲ್ಲ ಬಂದರು. ಅವರು ಬಂದದ್ದು ಉಪಕಾರಕ್ಕಲ್ಲ, ಜಗಳಕ್ಕೆ. "ಬದಿ ಮನಿಯರಿಗ್ ಹೇಳ್ದೆ ಮದಿ ಮಾಡ್ತ್ರಿಯಾ? ಅಷ್ಟ್ ಬ್ಯಾಡ್ದರಾ ನಾವ್?" ಅಂತ ಒಬ್ಬರು ಗಟ್ಟಿಯಾಗಿ ಕೇಳಿ, ಇನ್ನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಅಂದರು. ಅಜ್ಜಿಗೆ ಅಳುವೇ ಬಂತು. ನಾನು ಕೊಂಬು ಇಳಿಸಿ, ಪ್ರತಿ ಮನೆಗೂ ಹೋಗಿ ಕೈಮುಗಿದು ಇವತ್ತು ಮದುವೆ ಇಲ್ಲ, ಇಲ್ಲ ಅಂತ ಹೇಳಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಮದುವೆ ಇಲ್ಲವೆಂದು ಮನೆ ಮನೆಗೆ ಹೋಗಿ ಹೇಳಿಕೆ ಮಾಡಿದವನು ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಸಂಜೆ ಭಾವನ ಫೋನ್ ಬಂತು. "ನಿಮ್ಗ್ ಮರ್ತ್ ಹೋಪುದ್ ಗೊತ್ತಿತ್ ಭಾವ" ಅಂದರು. "ಹೊತ್ತಿಗ್ ಮುಂಚೆ ನೆನ್ಪಾಪುದ್ ಹೊಸ್ದ್."

ಕಾಗೆ

ಆಮೇಲೆ ಗುಂಡಿ ಒತ್ತುವ ಮೊಬೈಲ್ ಬಂತು. ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿಟ್ಟರೆ ಹೇಳಿದ ಹೊತ್ತಿಗೆ ಕೂಗಿ ನೆನಪಿಸುತ್ತದೆ. ಸಾದಾ ಗಂಟೆಯಾದರೆ ನಾನು ಲಕ್ಷ್ಯ ಮಾಡುವುದಿಲ್ಲವೆಂದು ನಾಯಿ ಬೊಗಳುವ ಸದ್ದು ಹಾಕಿಸಿಕೊಂಡೆ. ಬೊಗಳಿದರೆ ಒತ್ತಿ ನಿಲ್ಲಿಸುವುದು, ಮರುದಿನ ಮತ್ತೆ ಬೊಗಳುವುದು, ಹೀಗೆ ನಡೆಯುತ್ತಿತ್ತು.

ಆ ಸಮಯದಲ್ಲಿ ಅತ್ತೆ ತಮ್ಮ ಕನ್ನಡಕದ ಕಡ್ಡಿ ಮುರಿದುಕೊಂಡು ನನ್ನ ಕೈಗೆ ಕೊಟ್ಟಿದ್ದರು. ಅದನ್ನು ಕೊಂಡದ್ದು ಬ್ರಹ್ಮಾವರದ ಅಂಗಡಿಯಲ್ಲಿ, ನಾನು ಆ ಕಡೆ ಹೋಗುವವನು. "ಅವಸರ ಇಲ್ಲ, ಬಪ್ಪತಿಗೆ ತಕಂಡ್ ಬನ್ನಿ" ಅಂದಿದ್ದರು. ಅವಸರ ಇಲ್ಲ ಅನ್ನುವ ಮಾತು ನನ್ನ ಹತ್ತಿರ ಆಡಬಾರದು. ಕನ್ನಡಕ ನನ್ನ ಅಂಗಡಿಯ ಡ್ರಾಯರಿನಲ್ಲಿ ಕೂತಿತು, ಮೊಬೈಲು ದಿನಾ ಬೊಗಳಿತು, ಅತ್ತೆ ಒಂದು ದಿನ ಮಲಗಿದವರು ಏಳಲಿಲ್ಲ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಯಡ್ತರೆಯ ಅಂಗಳದಲ್ಲಿ ಬಾಳೆಲೆ ಹಾಕಿ, ಅತ್ತೆಗೆ ಇಷ್ಟವಾದದ್ದೆಲ್ಲ ಬಡಿಸಿ, ಕಾಗೆಗೆ ಕಾಯುತ್ತ ನಿಂತೆವು. ಕಾಗೆ ಬಂದು ಮುಟ್ಟದೆ ಯಾರಿಗೂ ಊಟವಿಲ್ಲ. ಭಾವ "ಕಾ, ಕಾ" ಅಂತ ಕರೆದರು. ಒಂದು ಕಾಗೆ ತೆಂಗಿನ ಮರದಲ್ಲಿ ಕೂತು ನೋಡಿತೇ ಹೊರತು ಇಳಿಯಲಿಲ್ಲ. ನೆಂಟರಲ್ಲಿ ಹಿರಿಯರೊಬ್ಬರು, "ಆಸೆ ಎಂತಾರು ಉಳ್ದಿತ್ತಾ ಅವ್ರಿಗೆ? ನೆನ್ಪ್ ಮಾಡಿ ಕಾಂಬ" ಅಂದರು. ತೀರ್ಥಯಾತ್ರೆ ಅಂದರು ಒಬ್ಬರು. ಮೀನು ಬಡಿಸಲಿಲ್ಲ ಅಂದರು ಇನ್ನೊಬ್ಬರು. ಎಲ್ಲರೂ ಯೋಚನೆ ಮಾಡುತ್ತಿದ್ದಾರೆ, ಕಾಗೆ ಮರದಿಂದ ಹಾರಿ ಗೋಡೆಯ ಮೇಲೆ ಕೂತಿತು.

ಅದೇ ಹೊತ್ತಿಗೆ ಜಗುಲಿಯ ಮೊಳೆಗೆ ತೂಗಿಸಿದ್ದ ನನ್ನ ಅಂಗಿಯ ಜೇಬಿನಲ್ಲಿ ನಾಯಿ ಬೊಗಳಿತು. ಕಾಗೆ ಹಾರಿ ಮತ್ತೆ ಮರ ಸೇರಿತು. ಆ ಹಿರಿಯರು ಅದನ್ನು ನಿಲ್ಲಿಸಲೆಂದು ಫೋನ್ ತೆಗೆದವರು ಪರದೆಯನ್ನು ದೂರ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ಅತ್ತೆ... ಕನ್ನಡಕ... ಬ್ರಹ್ಮಾವರ."

ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅತ್ತಳೋ ನಾಚಿದಳೋ ಇವತ್ತಿಗೂ ಕೇಳುವ ಧೈರ್ಯ ನನಗಿಲ್ಲ. ಆ ಎಲೆಯ ಕೆಳಗೆ ನುಸುಳಲು ಜಾಗ ಇದ್ದಿದ್ದರೆ ನುಸುಳುತ್ತಿದ್ದೆ. ಭಾವ ಮಾತ್ರ ಮರದ ಕಡೆ ತಿರುಗಿ, ಮಾಮೂಲಿ ದನಿಯಲ್ಲಿ, "ಅಮ್ಮ, ಭಾವ ನಾಳೆಯೇ ಮಾಡ್ಸತ್ರ್ ಅಂಬ್ರ್. ನೀನ್ ಉಣ್ಣ್" ಅಂದರು. ನಾನೂ ಕೈಮುಗಿದು ಹೌದು ಅಂದೆ. ಕಾಗೆ ಬಂತು, ಉಂಡಿತು, ನಾವೂ ಉಂಡೆವು.

ಮರುದಿನ ಕನ್ನಡಕ ಮಾಡಿಸಿದಿರಾ ಅಂತ ದಯವಿಟ್ಟು ಕೇಳಬೇಡಿ.

ಆ್ಯಪ್ ಹುಡುಕಿದ್ದು

ಮಗಳು ಕಾಲೇಜಿಗೆ ಹೋಗುವ ಹೊತ್ತಿಗೆ ಮನೆಗೆ ಟಚ್ ಫೋನು ಬಂತು. "ಅಪ್ಪಯ್ಯ, ನೆನ್ಪ್ ಮಾಡುಕೆ ಅಂದೇಳಿಯೇ ಆ್ಯಪ್ ಇತ್ತ್. ಬೇಕಾದಾಂಗೆ ಮಾಡ್ಕಂಬ್ಲಕ್ಕ್" ಅಂದಳು. ಮೊದಲನೆಯದನ್ನು ಹಾಕಿಕೊಟ್ಟಳು. ಅದು ಬೆಳಿಗ್ಗೆ ಎದ್ದ ಕೂಡಲೇ ಇವತ್ತಿನ ನಿಮ್ಮ ಗುರಿ ಏನು ಅಂತ ಕೇಳುತ್ತಿತ್ತು. ಚಾ ಕುಡಿಯುವ ಮೊದಲು ಗುರಿ ಕೇಳಿದರೆ ಏನು ಹೇಳುವುದು? ತೆಗೆದು ಹಾಕಿದೆ.

ಎರಡನೆಯದರಲ್ಲಿ ಕೆಲಸ ಮುಗಿಸಿದರೆ ಪರದೆಯಲ್ಲಿ ಒಂದು ಗಿಡ ಬೆಳೆಯುತ್ತದೆ, ಬಿಟ್ಟರೆ ಒಣಗುತ್ತದೆ. ನನ್ನ ಗಿಡ ಒಂದೇ ವಾರದಲ್ಲಿ ಒಣಗಿ ಕಡ್ಡಿಯಾಯಿತು. ಹೆಂಡತಿ ಬಗ್ಗಿ ನೋಡಿ, "ಪಾಪ, ಅದ್ಕೊಂಚೂರ್ ನೀರಾರೂ ಹಾಕಿ" ಅಂದಳು. ಮೂರನೆಯದು ಅಂಕ ಕೊಡುವಂಥದ್ದು. ಶಾಲೆ ಬಿಟ್ಟದ್ದೇ ಅಂಕದ ಹೆದರಿಕೆಗೆ, ಮತ್ತೆ ಅದೇ ಯಾಕೆ?

ನಾಲ್ಕನೆಯದು ನನ್ನ ಮನಸ್ಸಿಗೆ ಹಿಡಿಸಿತು. ಅದರಲ್ಲಿ ಎಲ್ಲವೂ ನಮ್ಮಿಷ್ಟ. ವಿಭಾಗ ನಾವೇ ಮಾಡಬಹುದು, ಬಣ್ಣ ನಾವೇ ಕೊಡಬಹುದು, ಚಿತ್ರ ನಾವೇ ಅಂಟಿಸಬಹುದು. ಕುಂದಾಪುರಕ್ಕೆ ಕೆಂಪು, ಬೈಂದೂರಿಗೆ ಹಸಿರು, ಬ್ರಹ್ಮಾವರಕ್ಕೆ ನೀಲಿ ಕೊಟ್ಟೆ. ಮದುವೆಗೆ ಮಾಲೆಯ ಚಿತ್ರ, ಭಜನೆಗೆ ತಾಳದ ಚಿತ್ರ. ನೀಲಿ ಸ್ವಲ್ಪ ಮಂಕಾಯಿತೆಂದು ಬದಲಿಸಿದೆ, ಆಗ ಹಸಿರು ಹೊಂದಲಿಲ್ಲವೆಂದು ಅದನ್ನೂ ಬದಲಿಸಿದೆ. ಮದುವೆ ಸೀಸನ್ನಿನ ಮಧ್ಯೆ ನಾನು ಅಂಗಡಿಯಲ್ಲಿ ಕೂತು ಬಣ್ಣ ಬಳಿಯುತ್ತಿದ್ದೆ.

ಒಂದು ಸಂಜೆ ಬ್ರಹ್ಮಾವರದ ಕಡೆಯ ಭಜನಾ ಮಂದಿರದವರೊಬ್ಬರು ಬೈಕಿನಲ್ಲಿ ಬಂದು ಎದುರು ನಿಂತರು. ಮುಖ ಕೆಂಪಾಗಿತ್ತು. "ಹ್ವಾಯ್, ಜನ ಎಲ್ಲ ಬಂದ್ ಕೂತಿರ್, ಮೈಕ್ ಎಲ್ಲಿ?" ಅಂದರು. ನಾನು ಫೋನಿನಿಂದ ಕಣ್ಣು ತೆಗೆಯದೆ ಅಂದೆ, "ಒಂದ್ನಿಮಿಷ ಕೂಕಣಿ ಮಾರಾಯ್ರೆ, ನಿಮ್ದಕ್ಕೇ ತಾಳ ಅಂಟ್ಸತಾ ಇದ್ದೆ."

ಹೇಳಿಕೆ

ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಕಾರ್ಡು ಕಳಿಸುವುದಲ್ಲ, ಫೋನ್ ಮಾಡುವುದೂ ಅಲ್ಲ. ಮನೆಯ ಯಜಮಾನ ಖುದ್ದಾಗಿ ಅವರ ಮನೆಗೆ ಹೋಗಬೇಕು, ಕೂರಬೇಕು, ಅವರು ಕೊಟ್ಟ ಬೆಲ್ಲ ತಿಂದು ನೀರು ಕುಡಿಯಬೇಕು, ಕಾರ್ಡು ಕೈಗೆ ಕೊಟ್ಟು ದಿನ, ಜಾಗ ಬಾಯಲ್ಲಿ ಹೇಳಬೇಕು. ಅದು ಹೇಳಿಕೆ. ಒಂದು ಮನೆ ಬಿಟ್ಟುಹೋದರೆ ಮಕ್ಕಳ ಕಾಲಕ್ಕೂ ಮಾತಿಲ್ಲ.

ಮಗಳ ಮದುವೆ ನಿಶ್ಚಯವಾದಾಗ ಹೇಳಿಕೆಯ ಅಷ್ಟೂ ಮನೆಗಳನ್ನು ಆ್ಯಪಿಗೆ ಹಾಕಿದೆ. ಕೆಂಪು, ಹಸಿರು, ನೀಲಿ. ಹಸಿರಿಗೆ ಯಡ್ತರೆಯ ಭಾವನ ಹೆಸರು ಹಾಕಹೊರಟವನಿಗೆ ಕೈ ಬರಲಿಲ್ಲ. ಹೆಣ್ಣಿನ ಸೋದರಮಾವ ಅವರು. ಹೆಣ್ಣಿನ ಕೈ ಹಿಡಿದು ಮಂಟಪಕ್ಕೆ ಕರೆದುಕೊಂಡು ಬರುವವರು. ಹತ್ತರೊಟ್ಟಿಗೆ ಹನ್ನೊಂದನೆಯವರಾಗಿ ಹಾಕುವುದಾ? ಅವರಿಗೆಂದೇ ಬೇರೆ ವಿಭಾಗ ಮಾಡಿ, ಚಿನ್ನದ ಬಣ್ಣ ಕೊಟ್ಟು, ನಕ್ಷತ್ರ ಅಂಟಿಸಿದೆ. ಈ ಸಲವಾದರೂ ಭಾವನ ಎದುರು ಮಾನ ಉಳಿಯುತ್ತದೆ ಅಂತ ನೆಮ್ಮದಿಯಾಯಿತು.

ದಿನಾ ಬೆಳಿಗ್ಗೆ ಕೆಂಪು ತೆರೆದೆ, ಹಸಿರು ತೆರೆದೆ, ನೀಲಿ ತೆರೆದೆ, ಮನೆ ಮನೆ ತಿರುಗಿ ಟಿಕ್ ಮಾಡಿದೆ. ಎಷ್ಟು ಬೆಲ್ಲ ತಿಂದೆನೆಂದರೆ ಹಲ್ಲು ನೋವು ಬಂತು. ಮೂರು ಬಣ್ಣವೂ ಮುಗಿದ ದಿನ ಹೆಂಡತಿಗೆ ತೋರಿಸಿದೆ. "ಒಬ್ರನ್ನೂ ಬಿಡ್ಲಿಲ್ಲ ಅಲ್ದಾ?" ಅಂದಳು. "ಫೋನೇ ಹೇಳ್ತ್ ಕಾಣ್" ಅಂದೆ. ಅವಳು ಅಣ್ಣನ ಹತ್ತಿರ ದಿನಾ ಮಾತಾಡುತ್ತಿದ್ದಳು, ಸೀರೆ, ಹೂವು, ಅಡುಗೆ ಎಲ್ಲ ವಿಷಯ. ಹೇಳಿಕೆ ಆಗಲಿಲ್ಲವೆಂದು ಆ ಮನುಷ್ಯ ಒಂದು ಮಾತೂ ಆಡಲಿಲ್ಲ.

ಮದುವೆಯ ದಿನ ಹಾಲ್ ತುಂಬ ಜನ. ಮೈಕು ನನ್ನದೇ, ಸದ್ದಿಗೆ ಕೊರತೆಯಿಲ್ಲ. ಪುರೋಹಿತರು, "ಹೆಣ್ಣಿನ ಸೋದರಮಾವ ಬರಲಿ" ಅಂದರು. ಯಾರೂ ಬರಲಿಲ್ಲ. ಇನ್ನೊಮ್ಮೆ ಕರೆದರು. ಹೆಂಡತಿ ನನ್ನ ಹತ್ತಿರ ಬಂದು ಬಹಳ ಮೆಲ್ಲಗೆ, "ಅಣ್ಣನ ಮನಿಗೆ ಹೇಳ್ಕಿಗ್ ಹೋದ್ದ್ ಯಾವತ್ತ್?" ಅಂತ ಕೇಳಿದಳು.

ಫೋನ್ ತೆಗೆದು ನೋಡಿದೆ. ಚಿನ್ನದ ಬಣ್ಣದ ವಿಭಾಗವನ್ನು ಮಾಡಿದ ದಿನದ ನಂತರ ನಾನು ತೆರೆದೇ ಇರಲಿಲ್ಲ. ಒಳಗೆ ನಕ್ಷತ್ರ ಒಂದೇ ಹೊಳೆಯುತ್ತಿತ್ತು. ಏನು ಮಾಡುವುದೆಂದು ತೋಚದೆ ಮೈಕ್ ಹಿಡಿದು, "ಯಡ್ತರೆಯ ಭಾವ ಎಲ್ಲಿದ್ದರೂ ಮಂಟಪಕ್ಕೆ ಬರಬೇಕು" ಅಂದೆ. ಕಾಣೆಯಾದವರನ್ನು ಕರೆದ ಹಾಗಾಯಿತು. ಮುಂದಿನ ಸಾಲಿನಲ್ಲಿ ಬೀಗರು ಒಬ್ಬರ ಮುಖ ಒಬ್ಬರು ನೋಡಿದರು.

ಕೋಣೆಯ ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಮಾತ್ರ ಏನೂ ಗಾಬರಿ ಇಲ್ಲ. "ಅಪ್ಪಯ್ಯ, ಗೇಟಿನೆದ್ರ್ ಹೋಟ್ಲಲ್ ಕಾಣಿ" ಅಂದಳು.

ಓಡಿದೆ. ರಸ್ತೆಯಾಚೆಯ ಚಾ ಹೋಟೆಲಿನ ಬೆಂಚಿನಲ್ಲಿ ಭಾವ, ಅಂಚಿನ ಪಂಚೆ ಉಟ್ಟು, ಶಾಲು ಹೊದ್ದು, ತಮ್ಮ ಹೆಂಡತಿಯ ಜೊತೆ ಕೂತಿದ್ದರು. ಎದುರು ಖಾಲಿ ಚಾ ಲೋಟಗಳು. ನಾನು ಏದುಸಿರು ಬಿಡುತ್ತ, "ಭಾವ, ಮೈಕಲ್ ಕರದ್ದ್ ಕೇಣ್ಲಿಲ್ಯಾ?" ಅಂದೆ.

"ಕೇಂಡಿತ್" ಅಂದರು. "ಆರೆ ಅದ್ ಹೇಳ್ಕಿ ಅಲ್ಲ ಅಲ್ದಾ. ಹೇಳ್ಕಿ ಆಗ್ದೆ ಒಳ್ಗ್ ಹ್ಯಾಂಗ್ ಬಪ್ಪುದ್? ಮಗಳ್ ಮದಿ ಬಿಡುಕೂ ಆತಿಲ್ಲ. ಅದ್ಕೆ ಇಲ್ಲಿ ತನ್ಕ ಬಂದ್ವ್."

"ಹಂಗಾರೆ ಈಗಲೇ ಹೇಳ್ತೆ" ಅಂದೆ. ಅವರು ಬೆಂಚಿನಲ್ಲಿ ಸರಿದು ನನಗೆ ಜಾಗ ಮಾಡಿ, ಹೋಟೆಲಿನವರಿಗೆ, "ಒಂಚೂರ್ ಬೆಲ್ಲ, ನೀರ್ ಕೊಡಿ. ನಮ್ಮನಿಗ್ ಹೇಳ್ಕಿಗ್ ಬಂದಿರ್" ಅಂದರು. ಬೆಲ್ಲ ಬಂತು. ತಿಂದೆ. ನೀರು ಕುಡಿದೆ. ಕಾರ್ಡು ಕೊಡಲು ಜೇಬಿಗೆ ಕೈ ಹಾಕಿದರೆ ಕಾರ್ಡಿಲ್ಲ. ಹೋಟೆಲಿನವರು ನನ್ನ ಅವಸ್ಥೆ ಕಂಡು ಗಲ್ಲಾದ ಹಿಂದಿನಿಂದ ಒಂದು ಕಾರ್ಡು ತೆಗೆದುಕೊಟ್ಟರು. ಅವರಿಗೆ ನಾನು ಹದಿನೈದು ದಿನ ಮೊದಲೇ ಹೇಳಿಕೆ ಮಾಡಿ ಕೊಟ್ಟ ಕಾರ್ಡು ಅದು. ಭಾವ ಅದನ್ನೂ ನೋಡಿದರು, ನನ್ನನ್ನೂ ನೋಡಿದರು.

ಎರಡೂ ಕೈಯಲ್ಲಿ ಕಾರ್ಡು ಹಿಡಿದು, ದಿನ, ಜಾಗ ಹೇಳಿ, "ಮನಿಯರೆಲ್ಲ ಬಂದ್ ಚಂದ ಮಾಡ್ಸಿ ಕೊಡ್ಕ್" ಅಂದೆ. ರಸ್ತೆಯಾಚೆ ನನ್ನದೇ ಮೈಕಿನಲ್ಲಿ ಪುರೋಹಿತರು ಮುಹೂರ್ತ ಹತ್ತಿರವಾಯಿತೆಂದು ಕೂಗುತ್ತಿದ್ದರು. ಭಾವ ನಿಧಾನಕ್ಕೆ ಕಾರ್ಡು ಓದಿ, "ಇವತ್ತೇ ಕಾಣತ್. ಪುರ್ಸೊತ್ತಿತ್ತಾ ಕಾಂಬ" ಅಂತ ಜೇಬಿನಿಂದ ಫೋನ್ ತೆಗೆದರು.

ಅವರದರಲ್ಲೂ ನನ್ನ ಆ್ಯಪೇ. ಮಗಳು ಹಾಕಿಕೊಟ್ಟದ್ದಂತೆ. ಅದರಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ, ಇದ್ದದ್ದು ಒಂದೇ ಕೆಲಸ. ನನಗೂ ಕಾಣುವ ಹಾಗೆ ಫೋನ್ ತಿರುಗಿಸಿ ಹಿಡಿದರು. ಓದಿದೆ:

"ತಂಗಿ ಮಗಳ್ ಮದಿ. ಭಾವ ಹೇಳ್ಕಿ ಮರಿತ್ರ್. ಬೆಳಿಗ್ಗೆ ಬೇಗ ಹೋಯಿ ಗೇಟಿನೆದ್ರ್ ಹೋಟ್ಲಲ್ ಕೂಕಣ್ಕ್."

ನಾನು ಓದಿ ಮುಗಿಸುವವರೆಗೆ ಕಾದು, ಭಾವ ಅದಕ್ಕೊಂದು ಟಿಕ್ ಹಾಕಿ ಎದ್ದರು.